ಮನೆಯವರ ಔಷಧ ಜಾತಕ ಬರೆಯುವ ಬಗೆ

ಮಗು ಹುಟ್ಟಿದ ಗಳಿಗೆ, ನಕ್ಷತ್ರ, ಪಾದ ಎಲ್ಲವನ್ನೂ ಬರೆಸಿ, ಕಾಗದದ ಮೂಲೆಗೆ ಅರಿಸಿನ ಹಚ್ಚಿ, ಬೀರುವಿನಲ್ಲಿ ಭದ್ರವಾಗಿ ಇಟ್ಟಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಮಗುವಿಗೆ ಯಾವ ಔಷಧ ಕುಡಿಸಿದಾಗ ಮೈಯೆಲ್ಲ ದದ್ದು ಎದ್ದಿತು ಎಂದು ಕೇಳಿದರೆ ಮಾತ್ರ "ಯಾವುದೋ ಗುಲಾಬಿ ಬಣ್ಣದ ಸಿರಪ್ಪು ಮೇಡಂ" ಎಂಬ ಉತ್ತರ ಬರುತ್ತದೆ. ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಔಷಧದಂಗಡಿ ನಡೆಸುವ ಫಾರ್ಮಸಿಸ್ಟ್. ಗುಲಾಬಿ ಬಣ್ಣದ ಸಿರಪ್ಪುಗಳು ನನ್ನ ಕಪಾಟಿನಲ್ಲಿ ಒಂದು ಸಾಲು ಪೂರ್ತಿ ಇವೆ.

ಮನೆಯವರೆಲ್ಲರ ಔಷಧ ಜಾತಕವನ್ನೂ ಬರೆದಿಡಿ ಎಂದು ನಾನು ಗಿರಾಕಿಗಳಿಗೆ ಗಂಟು ಬೀಳುತ್ತಿರುತ್ತೇನೆ. ಗ್ರಹಗಳ ವಿಷಯ ನನಗೆ ತಿಳಿಯದು. ಆದರೆ ಒಂದೇ ಮಾತ್ರೆ ಒಬ್ಬರಿಗೆ ಒಗ್ಗುತ್ತದೆ, ಇನ್ನೊಬ್ಬರಿಗೆ ನಾಟುವುದೇ ಇಲ್ಲ, ಮತ್ತೊಬ್ಬರನ್ನು ಐ.ಸಿ.ಯು.ಗೆ ಸೇರಿಸುತ್ತದೆ, ಇದಕ್ಕೆ ಕಾರಣ ಎಷ್ಟೋ ಸಲ ತಂದೆ ತಾಯಿಯಿಂದ ಬಂದ ಜೀನ್‌ಗಳಲ್ಲೇ ಇರುತ್ತದೆ. ಆ ಜೀನ್‌ಗಳನ್ನು ಪ್ರಯೋಗಾಲಯದಲ್ಲಿ ಓದಿಸಲು ದುಡ್ಡು ಬೇಕು. ಅವು ಮನೆಯಲ್ಲಿ ಈಗಾಗಲೇ ಏನೇನು ಮಾಡಿವೆ ಎಂಬುದನ್ನು ಬರೆದಿಡಲು ಒಂದು ನೋಟ್‌ಬುಕ್ ಸಾಕು. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸುವ, ಪ್ರಮಾಣ ಬದಲಿಸುವ ಕೆಲಸಕ್ಕೆ ಕೈ ಹಾಕಬಾರದು. ಇದು ಡಾಕ್ಟರ ಮುಂದೆ ಕುಳಿತಾಗ ಕೈಯಲ್ಲಿರಬೇಕಾದ ಪುಸ್ತಕ, ಅವರ ಬದಲಿಗೆ ಅಲ್ಲ.

ಪುಟದಲ್ಲಿ ಏನಿರಬೇಕು

ಒಬ್ಬೊಬ್ಬರಿಗೆ ಎದುರುಬದುರು ಎರಡು ಪುಟ ಬಿಡಿ. ತಲೆಯಲ್ಲಿ ಹುಟ್ಟಿದ ವರ್ಷ, ತೂಕ, ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆಯ ಇತ್ತೀಚಿನ ಕ್ರಿಯಾಟಿನಿನ್ ಸಂಖ್ಯೆ ಮತ್ತು ಅದನ್ನು ನೋಡಿಸಿದ ತಾರೀಖು ಬರೆಯಿರಿ. ಬೀಡಿ ಸಿಗರೇಟು, ಕುಡಿತ ಇದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಅಪ್ಪನ ಪುಟದಲ್ಲಿ ಬೀಡಿ ಎಂದು ಬರೆಯಲು ಹಿಂಜರಿಯುವ ಮಕ್ಕಳನ್ನು ಕಂಡಿದ್ದೇನೆ. ಬೀಡಿಯ ಹೊಗೆ ಲಿವರಿನಲ್ಲಿ ಔಷಧವನ್ನು ಒಡೆಯುವ ಒಂದು ಕಿಣ್ವವನ್ನು (ಎನ್‌ಜೈಮ್) ಚುರುಕುಗೊಳಿಸುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅಂಥವರಲ್ಲಿ ಬೇಗ ಕರಗಿ ಹೋಗುತ್ತದೆ. ಬೀಡಿ ಬಿಟ್ಟ ಮೇಲೆ ಅದೇ ಪ್ರಮಾಣ ಹೆಚ್ಚಾಗಿ ಪರಿಣಮಿಸಬಹುದು. ಹಾಗಾಗಿ ಬಿಟ್ಟ ತಾರೀಖೂ ಬೇಕು.

ಇನ್ನು ಔಷಧದ ಹೆಸರು. ಕಂಪನಿ ಇಟ್ಟ ಹೆಸರು ಬೇರೆ, ಔಷಧದ ಹೆಸರು ಬೇರೆ. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ನೋಡಿ: ಹೆಚ್ಚಿನವುಗಳ ಮೇಲೆ ಐ.ಪಿ. ಎಂಬ ಎರಡಕ್ಷರ ಮತ್ತು ಮಿಲಿಗ್ರಾಂ ಲೆಕ್ಕ ಇರುತ್ತದೆ. ಐ.ಪಿ. ಎಂದರೆ ಇಂಡಿಯನ್ ಫಾರ್ಮಕೋಪಿಯ, ಔಷಧಗಳ ಗುಣಮಟ್ಟ ಹೇಳುವ ನಮ್ಮ ದೇಶದ ಅಧಿಕೃತ ಗ್ರಂಥ. ಅದರ ಜೊತೆಗಿರುವ ಹೆಸರನ್ನು, ಸಂಖ್ಯೆಯ ಸಮೇತ, ಹಾಗೆಯೇ ಇಳಿಸಿಕೊಳ್ಳಿ. ನೆಗಡಿ ಮಾತ್ರೆಯಾದರೆ ಒಂದೇ ಗುಳಿಗೆಯೊಳಗೆ ಮೂರು ಹೆಸರು ಸಿಗಬಹುದು, ಅದರಲ್ಲಿ ಒಂದು ಬಹುತೇಕ ಪ್ಯಾರಸಿಟಮಾಲ್. ಮೇಲೆ ಇನ್ನೊಂದು ಜ್ವರದ ಮಾತ್ರೆ ನುಂಗಿದರೆ ಪ್ಯಾರಸಿಟಮಾಲ್ ಎರಡು ಸಲ ಹೋಯಿತು. ಆರೋಗ್ಯವಾಗಿರುವ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, 650 ಮಿ.ಗ್ರಾಂ ಮಾತ್ರೆ ಆರಾದರೆ 3.9 ಗ್ರಾಂ, ಗಡಿ ಮುಟ್ಟಿದಂತೆಯೇ. ಕುಡಿಯುವವರಿಗೆ, ಸೊರಗಿದ ಮುದುಕರಿಗೆ ಆ ಗಡಿ ಇನ್ನೂ ಹತ್ತಿರ.

ಆದದ್ದೇನು ಎಂಬ ಕಲಮಿನಲ್ಲಿ 'ಅಲರ್ಜಿ' ಎಂದು ಒಂದೇ ಮಾತು ಗೀಚಿ ಬಿಡಬೇಡಿ. ಕಣ್ಣಿಗೆ ಕಂಡದ್ದನ್ನು ಬರೆಯಿರಿ, ನುಂಗಿದ ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯಿರಿ. ಅಮಾಕ್ಸಿಸಿಲಿನ್ ನುಂಗಿ ಅರ್ಧ ಗಂಟೆಯೊಳಗೆ ತುಟಿ ಊದಿ ಉಸಿರು ಕಟ್ಟಿದ್ದು ಪ್ರಾಣದ ವಿಷಯ. ಅದೇ ಮಾತ್ರೆಯಿಂದ ಎರಡನೇ ದಿನ ಭೇದಿಯಾದದ್ದು ಅಲರ್ಜಿಯೇ ಅಲ್ಲ. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಮುಂದೆ ಬೇಕಾದ ಹೊತ್ತಿಗೆ ಒಳ್ಳೆಯ ಔಷಧವೊಂದು ಕೈತಪ್ಪುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್ ಶುರುವಾಗಿ ಕೆಲವು ವಾರಕ್ಕೆ ಹಿಡಿದ ಒಣಕೆಮ್ಮು, ಅಮ್ಲೋಡಿಪಿನ್‌ನಿಂದ ಊದಿದ ಪಾದ, ಇವೂ ಪುಟಕ್ಕೆ ಬರಬೇಕು. ಇನ್ನೊಂದು ಇದೆ, ಹಳ್ಳಿಯವರು ಅದನ್ನು ಮಾತ್ರೆಗೆ ತಳುಕು ಹಾಕುವುದೇ ಇಲ್ಲ: ತುಟಿಯ ಮೇಲೋ ಕೈ ಮೇಲೋ ಪ್ರತಿಸಲ ಅದೇ ಜಾಗದಲ್ಲಿ ಏಳುವ ಗುಂಡನೆಯ ಕಪ್ಪು ಕಲೆ. ಸಲ್ಫಾ ಮಾತ್ರೆ, ಹೊಟ್ಟೆಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಜಾತಿಯವು, ನೋವಿನ ಮಾತ್ರೆಗಳು, ಇವುಗಳಲ್ಲಿ ಒಂದು ಹೀಗೆ ಮಾಡಿರುತ್ತದೆ. ಚರ್ಮವೇ ಗುರುತು ಹಾಕಿಕೊಟ್ಟಿರುವಾಗ ನಾವು ಬರೆದುಕೊಳ್ಳದಿದ್ದರೆ ಹೇಗೆ?

ಕಷಾಯ, ಚೂರ್ಣ, ನಾಟಿ ಔಷಧ ಎಲ್ಲವೂ ಅದೇ ಪಟ್ಟಿಯಲ್ಲಿ ಇರಲಿ. ಗಿಡಮೂಲಿಕೆ ಏನೂ ಮಾಡುವುದಿಲ್ಲ ಎನ್ನುವವರಿಗೆ ನಾನು ಕಾಳುಮೆಣಸನ್ನು ತೋರಿಸುತ್ತೇನೆ. ಅದರ ಖಾರದ ಅಂಶವಾದ ಪಿಪೆರಿನ್ ಕೆಲವು ಔಷಧಗಳು ರಕ್ತಕ್ಕೆ ಹೆಚ್ಚು ಸೇರುವಂತೆ ಮಾಡುತ್ತದೆ. ಮೆಣಸಿನ ಸಾರಿಗೆ ಹೆದರಬೇಕಿಲ್ಲ, ಆದರೆ ಮೆಣಸಿನ ಸತ್ವದ ಕ್ಯಾಪ್ಸೂಲ್ ನುಂಗುತ್ತಿದ್ದರೆ ಬರೆಯಿರಿ. ದೇವನಹಳ್ಳಿಯ ಚಕ್ಕೋತ, ಅದರ ಬಳಗದ ಗ್ರೇಪ್‌ಫ್ರೂಟ್ ಎರಡೂ ಕಸಿ ಮಾಡಿಸಿಕೊಂಡವರ ಮಾತ್ರೆಗಳಿಗೆ ಅಡ್ಡ ಬರುವಂಥವು. ಕಿಡ್ನಿ ಕಸಿಯಾಗಿ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ನುಂಗುವವರು ಡಾಕ್ಟರನ್ನು ಕೇಳದೆ ಅವುಗಳ ಸಿಪ್ಪೆ ಬಿಡಿಸಬಾರದು.

ಎರಡು ಪ್ರಶ್ನೆ, ಒಂದು ಲೋಟ ಕಾಫಿ

ನಮ್ಮತ್ತೆ ರಾತ್ರಿ ಊಟವಾದ ಮೇಲೆ ಗಟ್ಟಿ ಫಿಲ್ಟರ್ ಕಾಫಿ ಕುಡಿದು, ದೀಪ ಆರಿಸುವ ಮೊದಲೇ ಗೊರಕೆ ತೆಗೆಯುತ್ತಾರೆ. ನಾನು ಸಂಜೆ ಐದರ ಮೇಲೆ ಕಾಫಿ ಮುಟ್ಟಿದರೆ ನಡುರಾತ್ರಿ ಮನೆಯ ಹಂಚು ಎಣಿಸುತ್ತಿರುತ್ತೇನೆ. ಕೆಫೀನ್ ಕೂಡ ಔಷಧವೇ, ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ ಅಷ್ಟೆ. ನಮ್ಮಿಬ್ಬರ ನಡುವಿನ ವ್ಯತ್ಯಾಸಕ್ಕೆ ಎರಡು ಕಡೆ ಕಾರಣ ಹುಡುಕಬೇಕು. ಅತ್ತೆಯ ಲಿವರ್ ಕೆಫೀನನ್ನು ನನಗಿಂತ ಬೇಗ ಒಡೆದು ಹಾಕುತ್ತಿರಬಹುದು. ಇಲ್ಲವೇ ಅವರ ರಕ್ತದಲ್ಲಿಯೂ ನನ್ನಷ್ಟೇ ಕೆಫೀನ್ ಇದ್ದು, ಮಿದುಳಿನಲ್ಲಿ ಅದು ಹೋಗಿ ಕೂರುವ ಗ್ರಾಹಕಗಳು ಅದಕ್ಕೆ ಅಷ್ಟಾಗಿ ಮಣಿಯದಿರಬಹುದು. ದೇಹ ಔಷಧವನ್ನು ಏನು ಮಾಡುತ್ತದೆ, ಔಷಧ ದೇಹವನ್ನು ಏನು ಮಾಡುತ್ತದೆ: ಫಾರ್ಮಕಾಲಜಿಯ ಯಾವ ಗೊಂದಲ ಬಂದರೂ ಈ ಎರಡು ಪ್ರಶ್ನೆಯನ್ನು ಬಿಡಿಸಿ ಕೇಳಿಕೊಂಡರೆ ಅರ್ಧ ದಾರಿ ಸವೆದಂತೆ. ಎರಡೂ ಕಡೆ ಜೀನ್‌ಗಳ ಕೈವಾಡ ಇದೆ.

ಮೊದಲನೆಯ ಪ್ರಶ್ನೆಯನ್ನೇ ಹಿಡಿಯೋಣ. ನುಂಗಿದ ಮಾತ್ರೆ ಕರುಳಿನಿಂದ ನೇರವಾಗಿ ಮೈಯೆಲ್ಲ ಹರಡುವುದಿಲ್ಲ; ಮೊದಲು ಲಿವರನ್ನು ಹಾದುಹೋಗಬೇಕು. ಕೆಲವು ಔಷಧಗಳು ಅಲ್ಲಿಯೇ ಬಹುಪಾಲು ಮುಗಿದುಹೋಗುತ್ತವೆ. ಎದೆನೋವಿಗೆ ಸಾರ್ಬಿಟ್ರೇಟನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಿ ಎನ್ನುವುದು ಈ ಕಾರಣಕ್ಕೆ, ಅಲ್ಲಿಂದ ಅದು ಲಿವರಿನ ಹಾದಿ ತಪ್ಪಿಸಿ ರಕ್ತ ಸೇರುತ್ತದೆ. ಅಂಥ ಹೊತ್ತಿನಲ್ಲಿ ಗಾಬರಿಯಿಂದ ನೀರು ಕುಡಿಸಿ ನುಂಗಿಸಿದರೆ ಕೆಲಸ ನಿಧಾನವಾಗುತ್ತದೆ. ಮುಂದೆ ಔಷಧ ಹೊರಹೋಗುವುದು ಲಿವರಿನಲ್ಲಿ ಒಡೆದೋ, ಕಿಡ್ನಿಯಲ್ಲಿ ಸೋಸಿಯೋ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಒಡೆಯುವುದೇ ಇಲ್ಲ, ಬಂದ ರೂಪದಲ್ಲೇ ಮೂತ್ರದಲ್ಲಿ ಹೋಗುತ್ತದೆ. ಪುಟದ ತಲೆಯಲ್ಲಿ ಕ್ರಿಯಾಟಿನಿನ್ ಬರೆಯಿರಿ ಎಂದದ್ದು ಅದಕ್ಕೇ. ಹೊಸ ಮಾತ್ರೆ ಬರೆದುಕೊಟ್ಟಾಗ "ಇದು ಕಿಡ್ನಿಯಿಂದ ಹೋಗುತ್ತದೆಯೋ ಲಿವರಿನಿಂದಲೋ" ಎಂದು ಕೇಳಿ, ಉತ್ತರವನ್ನು ಹೆಸರಿನ ಮುಂದೆ 'ಕಿ' ಅಥವಾ 'ಲಿ' ಎಂದು ಗುರುತು ಮಾಡಿಕೊಳ್ಳಿ. ಜೀನಿನ ಆಟ ಹೆಚ್ಚಾಗಿ ನಡೆಯುವುದು 'ಲಿ' ಗುಂಪಿನಲ್ಲಿ.

ಅರ್ಧಾಯುಷ್ಯದ ಲೆಕ್ಕವನ್ನು ಮಾತ್ರ ಎಲ್ಲರೂ ಕಲಿಯಬೇಕು. ಕಷ್ಟವೇನಿಲ್ಲ, ಅರ್ಧ ಮಾಡುತ್ತ ಹೋಗುವುದು. ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆಯ ಆಸುಪಾಸು ಬೇಕು. ಸಂಜೆ ಐದಕ್ಕೆ 100 ಮಿ.ಗ್ರಾಂ ಇದ್ದದ್ದು ರಾತ್ರಿ ಹತ್ತಕ್ಕೆ 50, ಬೆಳಗಿನ ಜಾವ ಮೂರಕ್ಕೆ 25. ತುಂಬು ಗರ್ಭಿಣಿಯಲ್ಲಿ ಆ ಐದು ಗಂಟೆ ಹದಿನೈದರವರೆಗೂ ಚಾಚಬಹುದು. ಐದು ಅರ್ಧಾಯುಷ್ಯ ಕಳೆದರೆ ಶೇಕಡ 97ರಷ್ಟು ಖಾಲಿ. ಇದೇ ಲೆಕ್ಕ ತಿರುಗಿಸಿದರೆ, ದಿನವೂ ನುಂಗುವ ಮಾತ್ರೆ ರಕ್ತದಲ್ಲಿ ತನ್ನ ಪೂರ್ತಿ ಮಟ್ಟ ಮುಟ್ಟುವುದಕ್ಕೂ ಸುಮಾರು ಐದು ಅರ್ಧಾಯುಷ್ಯ ಬೇಕು. ಅಮ್ಲೋಡಿಪಿನ್ನಿನದು 30ರಿಂದ 50 ಗಂಟೆ. ಎಂದರೆ ವಾರದ ಮೇಲೆ. ಮೂರನೇ ದಿನಕ್ಕೆ ಬಿ.ಪಿ. ನೋಡಿಸಿ "ಈ ಮಾತ್ರೆ ನಾಟಲಿಲ್ಲ, ಬೇರೆ ಕೊಡಿ" ಎಂದು ಬರುವವರಿಗೆ ನಾನು ಬೇರೆ ಕೊಡುವುದಿಲ್ಲ, ಈ ಲೆಕ್ಕ ಬರೆದುಕೊಡುತ್ತೇನೆ. ಥೈರಾಯ್ಡ್ ಮಾತ್ರೆಯದು ಏಳು ದಿನ. ಆದ್ದರಿಂದ ಪ್ರಮಾಣ ಬದಲಾದ ಮೇಲೆ ಟಿ.ಎಸ್.ಎಚ್. ಪರೀಕ್ಷೆಗೆ ಆರರಿಂದ ಎಂಟು ವಾರ ಕಾಯಿಸುತ್ತಾರೆ.

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದನ್ನು ಒಡೆಯುವ ಕಿಣ್ವದ ಶಕ್ತಿ ಮಾಮೂಲಿ ಪ್ರಮಾಣದಲ್ಲೇ ತುಂಬಿಬಿಡುತ್ತದೆ. ಅಲ್ಲಿಂದ ಮೇಲೆ ಸ್ವಲ್ಪ ಏರಿಸಿದರೂ ರಕ್ತದ ಮಟ್ಟ ಹಾರಿಬಿಡುತ್ತದೆ. ತೂರಾಟ, ಕಣ್ಣುಗುಡ್ಡೆ ಅದುರುವುದು, ಮಾತು ತೊದಲುವುದು ಶುರುವಾಗುತ್ತದೆ. ಆ ಕಿಣ್ವವೇ ಹುಟ್ಟಿನಿಂದ ಮಂದವಾಗಿದ್ದರೆ ಕೇಳುವುದೇ ಬೇಡ. ಪುಟದಲ್ಲಿ ಫೆನಿಟಾಯಿನ್ ಇದ್ದರೆ ಕೆಂಪು ಶಾಯಿಯಲ್ಲಿ ಬರೆಯಿರಿ. ಲಿಥಿಯಂ, ಡಿಗಾಕ್ಸಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮತ್ತು ಅಸಿನೊಕೌಮರಾಲ್ ಕೂಡ ಕೆಂಪು ಶಾಯಿಯವೇ. ಗುಣಕ್ಕೂ ವಿಷಕ್ಕೂ ನಡುವೆ ಇವುಗಳಲ್ಲಿ ಅಂತರ ಕಡಿಮೆ.

ಲಿವರಿನ ಕಿಣ್ವಗಳು ಮತ್ತು ಭಾವನವರ ಸ್ಟೆಂಟ್

ನಮ್ಮ ಭಾವನವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಕ್ಲೊಪಿಡೊಗ್ರೆಲ್ ಬರೆದುಕೊಟ್ಟರು. ಅದು ನುಂಗಿದ ರೂಪದಲ್ಲಿ ಏನೂ ಮಾಡದ ಔಷಧ. ಲಿವರಿನ ಕಿಣ್ವಗಳು, ಮುಖ್ಯವಾಗಿ ಸಿ.ವೈ.ಪಿ. 2ಸಿ19, ಅದನ್ನು ಮಾರ್ಪಡಿಸಿದ ಮೇಲೆಯೇ ಅದಕ್ಕೆ ಕಸುವು ಬಂದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅಂಟಿಕೊಳ್ಳುವುದನ್ನು ತಡೆಯುತ್ತದೆ. ಈ ಕಿಣ್ವದ ಜೀನ್ ನಮಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುತ್ತದೆ. ಎರಡೂ ಕೆಲಸಕ್ಕೆ ಬಾರದ ಬಗೆಯವಾದರೆ ಮಾತ್ರೆ ನುಂಗಿಯೂ ನುಂಗದ ಹಾಗೆ. ಭಾರತೀಯರಲ್ಲಿ ಅಂಥವರು ಹತ್ತಕ್ಕೆ ಒಬ್ಬರ ಆಸುಪಾಸು. ಯುರೋಪಿನ ಮೂಲದವರಲ್ಲಿ ನೂರಕ್ಕೆ ಎರಡು ಮೂರು ಮಂದಿ. ಒಂದು ಪ್ರತಿ ಮಾತ್ರ ಕೆಟ್ಟು, ಕಿಣ್ವ ಮಧ್ಯಮವಾಗಿ ಕೆಲಸ ಮಾಡುವವರು ನಮ್ಮಲ್ಲಿ ಇನ್ನೂ ಬಹಳ. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಈ ಔಷಧದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು.

ಭಾವನವರ ಪುಟವನ್ನು ಬರೆಯಲು ಕುಳಿತಾಗ, ಅವರು ತಾವಾಗಿಯೇ ದಿನವೂ ನುಂಗುತ್ತಿದ್ದ ಗ್ಯಾಸ್ ಮಾತ್ರೆ ಹೊರಬಂತು: ಒಮೆಪ್ರಜೋಲ್. "ಅದೇನು ಔಷಧವೇ, ಗ್ಯಾಸಿಗೆ ತಾನೇ" ಎಂದರು. ಒಮೆಪ್ರಜೋಲ್ ಅದೇ 2ಸಿ19 ಕಿಣ್ವವನ್ನು ತಡೆಹಿಡಿಯುತ್ತದೆ. ಜೀನ್ ಚೆನ್ನಾಗಿದ್ದವರೂ ಅದನ್ನು ನುಂಗಿದಷ್ಟು ಕಾಲ ಜೀನ್ ಕೆಟ್ಟವರ ಹಾಗೆ ವರ್ತಿಸಬಹುದು. ಹೃದಯದ ಡಾಕ್ಟರಿಗೆ ಪುಟ ತೋರಿಸಿದೆವು, ಅವರು ಪ್ಯಾಂಟೊಪ್ರಜೋಲ್‌ಗೆ ಬದಲಿಸಿದರು. ಅದು ಈ ಕಿಣ್ವಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಕ್ಲೊಪಿಡೊಗ್ರೆಲ್ ಸ್ವತಃ ಆಗದವರಿಗೆ ಪ್ರಾಸುಗ್ರೆಲ್, ಟಿಕಾಗ್ರೆಲಾರ್ ಇವೆ, ಆದರೆ ಅವುಗಳಲ್ಲಿ ರಕ್ತಸ್ರಾವದ ಭಯ ಹೆಚ್ಚು. ಯಾರಿಗೆ ಯಾವುದು ಎಂಬುದು ಡಾಕ್ಟರ ತೀರ್ಮಾನ. ನಾನು ಹೇಳುವುದಿಷ್ಟೆ: ಸ್ಟೆಂಟ್ ಇರುವವರ ಪುಟದಲ್ಲಿ ಗ್ಯಾಸ್ ಮಾತ್ರೆಯ ಹೆಸರು ಇರಲೇಬೇಕು.

ಕೆಮ್ಮಿಗೂ ನೋವಿಗೂ ಕೊಡುವ ಕೊಡೈನ್ ಇದರ ಇನ್ನೊಂದು ಮಗ್ಗುಲು. ಅದು ಲಿವರಿನಲ್ಲಿ ಸ್ವಲ್ಪ ಪಾಲು ಮಾರ್ಫಿನ್ ಆಗುತ್ತದೆ. ಆ ಕೆಲಸ ಮಾಡುವ 2ಡಿ6 ಕಿಣ್ವದ ಜೀನ್ ಕೆಲವರಲ್ಲಿ ಎರಡರ ಬದಲು ಮೂರೋ ಹೆಚ್ಚೋ ಪ್ರತಿಗಳಿರುತ್ತವೆ. ಅಂಥ ಮಗುವಿಗೆ ಕೊಡೈನ್ ಇರುವ ಕೆಮ್ಮಿನ ಸಿರಪ್ ಕೊಟ್ಟರೆ ಮಾರ್ಫಿನ್ ಒಮ್ಮೆಲೇ ಏರಿ ಉಸಿರಾಟವೇ ಕುಗ್ಗಬಹುದು. 2017ರಿಂದ ಎಫ್.ಡಿ.ಎ. ಹನ್ನೆರಡು ವರ್ಷದೊಳಗಿನವರಿಗೆ ಇದನ್ನು ಕೂಡದೆಂದಿದೆ. ನನ್ನ ಅಂಗಡಿಯಲ್ಲಿ ಎಷ್ಟು ಬೈದರೂ ಮಕ್ಕಳಿಗೆ ಅದು ಸಿಗುವುದಿಲ್ಲ.

ಕ್ಷಯದ ಐಸೊನಿಯಾಜಿಡ್ ಮಾತ್ರೆಯನ್ನು ಒಡೆಯುವ ಕಿಣ್ವ ನಿಧಾನವಾಗಿರುವವರು ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು. ಅವರಲ್ಲಿ ಔಷಧ ಹೆಚ್ಚು ಹೊತ್ತು ಉಳಿಯುತ್ತದೆ, ಕೈಕಾಲು ಜೋಮು ಹಿಡಿಯುವುದು, ಲಿವರಿಗೆ ಪೆಟ್ಟು ಬೀಳುವುದು ಇವುಗಳ ಸಂಭವವೂ ಹೆಚ್ಚು. ಜೋಮು ಬರದಂತೆ ಬಿ6 ಜೀವಸತ್ವ ಕೊಡುತ್ತಾರೆ, ಅದನ್ನು ಬರಿಯ ಟಾನಿಕ್ ಎಂದು ಬಿಡಬೇಡಿ. ಜೊತೆಗೆ ಬರುವ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ಅದು ಬಣ್ಣ ಮಾತ್ರ, ಹೆದರಿ ಮಾತ್ರೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬೀಳುತ್ತದೆ. ಕಣ್ಣು ಹಳದಿಯಾಗಿ, ಊಟ ಸೇರದೆ, ವಾಂತಿ ಹತ್ತಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಓಡಬೇಕು. ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಕೆರಳಿಸಿ ಬೇರೆ ಔಷಧಗಳನ್ನು ಬೇಗ ಮುಗಿಸುತ್ತದೆ. ಗರ್ಭನಿರೋಧಕ ಗುಳಿಗೆಯನ್ನು ನಂಬಿಕೊಂಡ ಹೆಣ್ಣುಮಕ್ಕಳಿಗೆ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಮನೆತನದ ಪುಟ

ಒಬ್ಬೊಬ್ಬರ ಪುಟ ಮುಗಿದ ಮೇಲೆ ಕೊನೆಯಲ್ಲಿ ನಾಲ್ಕು ಹಾಳೆ ಮನೆತನಕ್ಕೆ ಬಿಡಿ. ಇದನ್ನು ತುಂಬಲು ಹಬ್ಬವೋ ತಿಥಿಯೋ ಬರಬೇಕು, ಹಿರಿಯರೆಲ್ಲ ಒಂದೆಡೆ ಸೇರಿದಾಗ ಊಟವಾದ ಮೇಲೆ ಪುಸ್ತಕ ಬಿಚ್ಚಿ. "ನಿಮಗೆ ಅಲರ್ಜಿ ಇದೆಯೇ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. ಹೀಗೆ ಕೇಳಿ: ನಮ್ಮಲ್ಲಿ ಯಾರಿಗಾದರೂ ಆಪರೇಷನ್ ಆದ ಮೇಲೆ ಎಚ್ಚರವಾಗದೆ, ಉಸಿರಾಟದ ಮೆಷಿನ್ನಿನಲ್ಲಿ ಬಹಳ ಹೊತ್ತು ಇಟ್ಟಿದ್ದರೇ? ಮಲೇರಿಯಾ ಮಾತ್ರೆಗೆ ಮೂತ್ರ ಕಪ್ಪಾಗಿತ್ತೇ? ಫಿಟ್ಸ್ ಮಾತ್ರೆಗೆ ಬಾಯಿ, ಕಣ್ಣು, ಚರ್ಮ ಸುಲಿದು ಹೋಗಿತ್ತೇ? ಆಗ ಚಿಕ್ಕಜ್ಜಿಯ ನೆನಪು ತೆರೆದುಕೊಳ್ಳುತ್ತದೆ.

ಮೊದಲನೆಯ ಪ್ರಶ್ನೆ ಸಕ್ಸಿನೈಲ್‌ಕೋಲಿನ್ನಿಗೆ ಸಂಬಂಧಿಸಿದ್ದು. ಥಿಯೇಟರಿನಲ್ಲಿ ಸ್ಕೋಲಿನ್ ಎಂದೇ ಕರೆಯುತ್ತಾರೆ. ಉಸಿರುನಾಳಕ್ಕೆ ಕೊಳವೆ ಇಳಿಸುವಾಗ ಸ್ನಾಯುಗಳನ್ನು ಸಡಿಲಗೊಳಿಸಲು ಅರಿವಳಿಕೆ ತಜ್ಞರು ಕೊಡುವ ಚುಚ್ಚುಮದ್ದು. ರಕ್ತದಲ್ಲಿರುವ ಸ್ಯೂಡೊಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಐದು ಹತ್ತು ನಿಮಿಷದಲ್ಲಿ ಒಡೆದುಬಿಡುತ್ತದೆ. ಆ ಕಿಣ್ವ ಇಲ್ಲದವರಲ್ಲಿ ಅದೇ ಪ್ರಮಾಣ ಗಂಟೆಗಟ್ಟಲೆ ಉಳಿದು, ರೋಗಿಗೆ ತಾನಾಗಿ ಉಸಿರೆಳೆಯಲು ಆಗುವುದಿಲ್ಲ. ನಮ್ಮ ದಕ್ಷಿಣದ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಎದ್ದು ಕಾಣುತ್ತದೆ. ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಇರಬೇಕಾದ ಕಡೆ ಪ್ರೋಲಿನ್ ಬಂದಿರುವುದೇ ಅದಕ್ಕೆ ಕಾರಣವೆಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇದು ಕಾಯಿಲೆಯಲ್ಲ, ಆ ಚುಚ್ಚುಮದ್ದು ಬೀಳುವವರೆಗೆ ಮನುಷ್ಯ ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಸಮುದಾಯದೊಳಗೇ, ಅದರಲ್ಲೂ ಸೋದರಮಾವನ ಕಡೆಯ ಸಂಬಂಧದಲ್ಲೇ ಮದುವೆಗಳಾಗುತ್ತ ಬಂದರೆ ಇಂಥ ಜೀನಿನ ಎರಡೂ ಪ್ರತಿ ಒಬ್ಬರಲ್ಲೇ ಸೇರುವ ಸಾಧ್ಯತೆ ಹೆಚ್ಚುತ್ತದೆ. ಯಾವ ಜಾತಿಯಲ್ಲೂ ಹೀಗೆ ಒಂದಲ್ಲ ಒಂದು ಇದ್ದೇ ಇರುತ್ತದೆ, ಇದು ಪತ್ತೆಯಾಗಿದೆ ಅಷ್ಟೆ. ಹೆಸರಿನ ಮುಂದೆ ಶೆಟ್ಟಿ ಎಂದಿದ್ದವರೆಲ್ಲರಿಗೂ ಇದೆ ಎಂದೂ ಅಲ್ಲ. ಕರಾವಳಿಯ ಬಂಟ ಶೆಟ್ಟರಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯಲ್ಲಿ ಅಂಥ ಸಂಗತಿ ನಡೆದಿದ್ದರೆ ಆಪರೇಷನ್ನಿಗೆ ಮೊದಲು ಅರಿವಳಿಕೆ ತಜ್ಞರಿಗೆ ತಿಳಿಸಿ. ಕೀಟನಾಶಕ ಸೇವಿಸಿದವರಿಗೆ ಮಾಡಿಸುವ ಕೋಲಿನೆಸ್ಟರೇಸ್ ರಕ್ತಪರೀಕ್ಷೆಯೇ ಇಲ್ಲಿಯೂ ಸುಳಿವು ಕೊಡುತ್ತದೆ, ಬದಲಿ ಔಷಧಗಳೂ ಇವೆ.

ಕಪ್ಪು ಮೂತ್ರದ ಪ್ರಶ್ನೆ ಮಂಗಳೂರು ಕಡೆಯವರಿಗೆ ಹೆಚ್ಚು ಹತ್ತಿರದ್ದು. ವೈವಾಕ್ಸ್ ಮಲೇರಿಯಾ ಲಿವರಿನಲ್ಲಿ ಅಡಗಿ ಕೂರುತ್ತದೆ. ಅದನ್ನು ಬೇರುಸಹಿತ ಕೀಳಲು ಹದಿನಾಲ್ಕು ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಆ ಮಾತ್ರೆಯಿಂದ ಕೆಂಪು ರಕ್ತಕಣಗಳು ಒಡೆದು, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. 1956ರಲ್ಲಿ ಈ ಕೊರತೆ ಪತ್ತೆಯಾದದ್ದೂ ಪ್ರೈಮಾಕ್ವಿನ್ನಿನಿಂದಲೇ, ಅಮೆರಿಕದ ಇಲಿನಾಯ್‌ನ ಸೆರೆಮನೆಯೊಂದರ ಕೈದಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ. ಇಂದಿನ ಯಾವ ನೀತಿ ಸಮಿತಿಯೂ ಒಪ್ಪದ ಪ್ರಯೋಗ ಅದು. ಮರುವರ್ಷ ಆರ್ನೊ ಮೊಟುಲ್‌ಸ್ಕಿ ಎಂಬ ವೈದ್ಯ, ಇಂಥವೆಲ್ಲ ಬಿಡಿ ಬಿಡಿ ಅಚ್ಚರಿಗಳಲ್ಲ, ಔಷಧದ ಪರಿಣಾಮವೂ ವಂಶದಲ್ಲಿ ಹರಿಯುತ್ತದೆ ಎಂದು ವಾದಿಸಿದರು. 1959ರಲ್ಲಿ ಜರ್ಮನಿಯ ಫ್ರೀಡ್ರಿಶ್ ಫೋಗೆಲ್ ಆ ವಿದ್ಯೆಗೆ ಫಾರ್ಮಕೊಜೆನೆಟಿಕ್ಸ್ ಎಂದು ಹೆಸರಿಟ್ಟರು.

ಜಿ6ಪಿಡಿ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಿಗೆ ಅದು ಒಂದೇ, ಅದೂ ತಾಯಿಯಿಂದ. ಆದ್ದರಿಂದ ಗಂಡುಮಗುವಿಗಾಗಿ ವಿಚಾರಿಸುವಾಗ ತಂದೆಯ ಅಣ್ಣತಮ್ಮಂದಿರನ್ನು ಬಿಟ್ಟು ಮಗುವಿನ ಸೋದರಮಾವಂದಿರನ್ನು ಕೇಳಬೇಕು. ಕೊರತೆ ಇದ್ದರೆ ಕುಷ್ಠರೋಗದ ಡ್ಯಾಪ್ಸೋನ್ ಕೂಡ ಎಚ್ಚರಿಕೆಯ ಪಟ್ಟಿಗೆ ಸೇರುತ್ತದೆ. ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ಡಾಂಬರು ಗುಳಿಗೆಯೂ ಸೇರುತ್ತದೆ. ಬಾಣಂತಿ ಮನೆಯಲ್ಲಿ ಹಳೆಯ ರೇಷ್ಮೆ ವಸ್ತ್ರ ತೆಗೆದು ಕೂಸಿಗೆ ಸುತ್ತುವ ಅಜ್ಜಿಯಂದಿರು ಗಮನಿಸಿ. ಪರೀಕ್ಷೆ ಮಾಡಿಸುವುದಾದರೆ ರಕ್ತಕಣ ಒಡೆಯುತ್ತಿರುವ ಹೊತ್ತಿನ ವರದಿಯನ್ನು ಪೂರ್ತಿ ನಂಬಬೇಡಿ. ಆಗ ಹೊಸ ಕಣಗಳೇ ಹೆಚ್ಚಿದ್ದು, ಅವುಗಳಲ್ಲಿ ಕಿಣ್ವ ಸರಿಯಾಗಿಯೇ ಇರುವಂತೆ ಕಾಣುತ್ತದೆ.

ಮೂರನೆಯದು ಕಾರ್ಬಮಜೆಪಿನ್. ಫಿಟ್ಸ್‌ಗೂ ಮುಖದ ನರದ ನೋವಿಗೂ ಕೊಡುವ ಮಾತ್ರೆ. 2004ರಲ್ಲಿ ತೈವಾನಿನ ಸಂಶೋಧಕರು, ಇದರಿಂದ ಚರ್ಮ ಸುಲಿಯುವ ಭಯಂಕರ ಪ್ರತಿಕ್ರಿಯೆಗೂ ಎಚ್.ಎಲ್.ಎ.-ಬಿ 15:02 ಎಂಬ ಜೀನ್ ಬಗೆಗೂ ಇರುವ ನಂಟನ್ನು ತೋರಿಸಿದರು. ಈ ಬಗೆ ಆಗ್ನೇಯ ಏಷ್ಯಾದಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಮಾತ್ರೆ ಶುರುವಾದ ಮೊದಲ ಎರಡು ಮೂರು ತಿಂಗಳು ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಮೈಮೇಲೆ ಬೊಬ್ಬೆ ಇವು ಒಟ್ಟಿಗೆ ಕಂಡರೆ ಮುಂದಿನ ಗುಳಿಗೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು ಎಂದು ಮೊದಲು ಹೇಳಿದ ನಿಯಮಕ್ಕೆ ಇದೊಂದು ಹೊರತು.

ಜೀನ್ ಪರೀಕ್ಷೆ ಮಾಡಿಸಬೇಕೇ

ಬೆಂಗಳೂರಿನ ಲ್ಯಾಬುಗಳ ಜಾಹೀರಾತು ನೋಡಿ ಬಹಳ ಮಂದಿ ಇದನ್ನು ಕೇಳುತ್ತಾರೆ. ನನ್ನ ಅಳತೆ ಹೀಗಿದೆ. ಔಷಧದ ಪರಿಣಾಮವನ್ನು ಅಗ್ಗವಾಗಿ ಅಳೆಯಲು ಬರುತ್ತದೆ ಎಂದಾದರೆ ಜೀನ್ ನೋಡುವ ಅವಸರವಿಲ್ಲ. ಬಿ.ಪಿ. ಮಾತ್ರೆಗೆ ಬಿ.ಪಿ. ಯಂತ್ರವೇ ಸಾಕ್ಷಿ. ಹೃದಯದ ಕವಾಟ ಬದಲಿಸಿಕೊಂಡು ಅಸಿನೊಕೌಮರಾಲ್ ನುಂಗುವವರಲ್ಲಿ ಒಬ್ಬರಿಗೆ 1 ಮಿ.ಗ್ರಾಂ ಸಾಕು, ಇನ್ನೊಬ್ಬರಿಗೆ 4 ಬೇಕು. ಅದರಲ್ಲಿ ಎರಡು ಜೀನ್‌ಗಳ ಪಾತ್ರ ದೊಡ್ಡದು. ಆದರೂ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐ.ಎನ್.ಆರ್. ಪರೀಕ್ಷೆ ತಪ್ಪದೆ ಮಾಡಿಸಿದರೆ ಪ್ರಮಾಣ ತಾನಾಗಿ ಸಿಗುತ್ತದೆ. ಸೊಪ್ಪು ಈ ಮಾತ್ರೆಯ ಬಲ ತಗ್ಗಿಸುತ್ತದೆಂದು ಅಂಥವರು ಅದನ್ನು ಬಿಡುವುದೂ ಬೇಡ, ಒಂದು ವಾರ ದಿನವೂ ಬಸ್ಸಾರು, ಮರುವಾರ ಸೊಪ್ಪಿನ ಸುದ್ದಿಯೇ ಇಲ್ಲ ಎಂಬ ಏರಿಳಿತ ಮಾತ್ರ ಬೇಡ.

ಪರಿಣಾಮ ಕಣ್ಣಿಗೆ ಕಾಣದ, ಕಾಣುವ ಹೊತ್ತಿಗೆ ಕೈಮೀರುವ ಔಷಧಗಳಿಗೆ ಪರೀಕ್ಷೆ ಬೆಲೆಬಾಳುತ್ತದೆ. ಸ್ಟೆಂಟಿನ ನಂತರದ ಕ್ಲೊಪಿಡೊಗ್ರೆಲ್, ಕಾರ್ಬಮಜೆಪಿನ್, ಎಚ್.ಐ.ವಿ.ಯ ಅಬಕಾವಿರ್, ರಕ್ತದ ಕ್ಯಾನ್ಸರಿನ ಮರ್ಕ್ಯಾಪ್ಟೊಪ್ಯುರಿನ್ ಮತ್ತು ಅದರ ಸೋದರ ಅಜಥಯೊಪ್ರಿನ್ ಇಂಥವು. ಕೊನೆಯ ಎರಡಕ್ಕೆ ಪಾಶ್ಚಾತ್ಯ ಪುಸ್ತಕಗಳು ಟಿ.ಪಿ.ಎಂ.ಟಿ. ಜೀನನ್ನೇ ಮುಂದೆ ಮಾಡುತ್ತವೆ. ನಮ್ಮವರಲ್ಲಿ ನಡ್15 (NUDT15) ಎಂಬ ಜೀನೇ ಹೆಚ್ಚು ಕಾಟ ಕೊಡುತ್ತದೆ. ಪರೀಕ್ಷೆಗೆ ಕೊಡುವಾಗ ಎರಡೂ ಇದೆಯೇ ಎಂದು ಕೇಳಿ. ಹೊರದೇಶದ ಪಟ್ಟಿ ನಮಗೆ ಹಾಗೆಯೇ ಹೊಂದುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ ದೇಶದ ಹತ್ತು ಸಾವಿರ ಜನರ ಜೀನೋಮ್, ಎಂದರೆ ಪೂರ್ತಿ ಜೀನ್ ಬರಹ, ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿತು.

ವರದಿ ಬಂದರೆ ಅದರಲ್ಲಿ ನಕ್ಷತ್ರದ ಗುರುತು ಇರುತ್ತದೆ. *1 ಎಂದರೆ ಮಾಮೂಲಿ ಬಗೆ. 2ಸಿ19ರ ವಿಷಯದಲ್ಲಿ *2, *3 ಕೆಲಸ ಮಾಡದವು, *17 ಅತಿ ಚುರುಕಿನದು. *1/*2 ಮಧ್ಯಮ, *2/*2 ಮಂದ. ಇದನ್ನು ಪುಟದ ತಲೆಯಲ್ಲಿ ಬರೆದುಕೊಳ್ಳಿ, ಜೀವಮಾನಕ್ಕೆ ಒಂದೇ ಸಲ ಸಾಕು. ಅಪವಾದ ಒಂದೆರಡು ಇವೆ: ಲಿವರ್ ಕಸಿಯಾದವರ ರಕ್ತದ ವರದಿ ಅವರ ಹೊಸ ಲಿವರಿನ ಗುಣ ಹೇಳುವುದಿಲ್ಲ, ಅಸ್ಥಿಮಜ್ಜೆ ಕಸಿಯಾದವರ ರಕ್ತ ದಾನಿಯ ಜೀನನ್ನೇ ತೋರಿಸುತ್ತದೆ. ಒಬ್ಬರದು *2/*2 ಎಂದು ಬಂದರೆ ಒಡಹುಟ್ಟಿದವರಿಗೂ ತಿಳಿಸಿ. ಒಂದೇ ತಂದೆತಾಯಿಯ ಮಕ್ಕಳಲ್ಲಿ ಅದೇ ಜೋಡಿ ಬರುವ ಸಂಭವ ಕನಿಷ್ಠ ನಾಲ್ಕಕ್ಕೆ ಒಂದು.

ಪುಸ್ತಕವನ್ನು ಬಳಸುವುದು

ಆಸ್ಪತ್ರೆಯ ಒ.ಪಿ.ಡಿ.ಯಲ್ಲಿ ನಿಮಗೆ ಸಿಗುವುದು ಮೂರು ನಾಲ್ಕು ನಿಮಿಷ. ಪುಸ್ತಕ ಪೂರ್ತಿ ತೆಗೆದು ಡಾಕ್ಟರ ಮೇಜಿನ ಮೇಲೆ ಹರಡಿದರೆ ಅವರು ಓದುವುದಿಲ್ಲ, ನಾನಾದರೂ ಓದುತ್ತಿರಲಿಲ್ಲ. ರೋಗಿಯ ಪುಟದ ಮೇಲೆ ಎರಡು ಸಾಲು ದಪ್ಪಗೆ ಬರೆದಿರಲಿ: ಈಗ ನುಂಗುತ್ತಿರುವ ಔಷಧಗಳು, ಕೊಡಬಾರದ ಔಷಧಗಳು. ಚೀಟಿ ಬರೆಯಲು ಪೆನ್ನು ಎತ್ತುವ ಮೊದಲು ಆ ಎರಡು ಸಾಲು ಅವರ ಕಣ್ಣಿಗೆ ಬೀಳಬೇಕು. ಬೇರೆ ಬೇರೆ ಡಾಕ್ಟರರ ಬಳಿ ಹೋಗುವ ಮನೆಯವರಿಗೆ ಇದು ಇನ್ನೂ ಅಗತ್ಯ, ಮೂಳೆಯ ಡಾಕ್ಟರಿಗೆ ಹೃದಯದ ಡಾಕ್ಟರು ಏನು ಬರೆದಿದ್ದಾರೆ ಎಂಬುದು ತಾನಾಗಿ ತಿಳಿಯುವ ವ್ಯವಸ್ಥೆ ನಮ್ಮಲ್ಲಿ ಎಲ್ಲ ಕಡೆ ಇಲ್ಲ. ಪುಟದ ಫೋಟೊ ಮಕ್ಕಳ ಮೊಬೈಲಿನಲ್ಲಿರಲಿ, ದುಬೈನಲ್ಲಿರುವ ಮಗನ ಮೊಬೈಲಿನಲ್ಲೂ ಇರಲಿ. ರಾತ್ರಿ ಹೊತ್ತು ಆಸ್ಪತ್ರೆಯಿಂದ ಮೊದಲ ಫೋನ್ ಹೋಗುವುದು ಅವನಿಗೇ.

ಔಷಧದಿಂದ ಏನಾದರೂ ಗಂಭೀರವಾಗಿ ಆದರೆ ನಿಮ್ಮ ಪುಸ್ತಕಕ್ಕೆ ಸೇರಿಸಿದ ಹಾಗೆಯೇ ದೇಶದ ಪುಸ್ತಕಕ್ಕೂ ಸೇರಿಸಿ. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯ ಆಯೋಗ ನಡೆಸುವ ಔಷಧ ಜಾಗ್ರತಾ ಕಾರ್ಯಕ್ರಮ 2010ರಿಂದ ಇದೆ. ರೋಗಿಗಳೇ ತುಂಬಬಹುದಾದ ನಮೂನೆಯೂ ಇದೆ, 1800-180-3024 ಎಂಬ ಉಚಿತ ಸಂಖ್ಯೆಯೂ ಇದೆ. ಅವರು ಕೇಳುವುದು ಔಷಧದ ಹೆಸರು, ಮಿಲಿಗ್ರಾಂ, ಬ್ಯಾಚ್ ಸಂಖ್ಯೆ, ಶುರುವಾದ ತಾರೀಖು, ಆದದ್ದೇನು ಎಂಬುದನ್ನು. ಆದ್ದರಿಂದ ತೊಂದರೆ ಕೊಟ್ಟ ಸ್ಟ್ರಿಪ್ಪನ್ನು ಸಿಟ್ಟಿಗೆ ಒಲೆಗೆ ಎಸೆಯಬೇಡಿ. ಒಂದು ಕವರಿನಲ್ಲಿ ಹಾಕಿ ಅದೇ ಪುಟಕ್ಕೆ ಪಿನ್ ಮಾಡಿ.